ತಾಂಡವರಾಯನ್ ಅಂಟಿಸಿದ ತೊಟ್ಟಿ

"ನಾನು ಅಂಟಿಸಿದ ತೊಟ್ಟಿ ಒಂದೇ ಒಂದು ಸೋರಲಿ, ಅವತ್ತಿಂದ ನಾನು ಗಾಜು ಮುಟ್ಟಲ್ಲ. ಮುಟ್ಟಿದ್ರೆ ಬೀದಿ ನಾಯಿಗೆ ನನ್ನ ಹೆಸರಿಡಿ."

ತಾಂಡವರಾಯನ್ ಕೊಳತ್ತೂರಿನ ಟೀ ಅಂಗಡಿ ಮುಂದೆ ನಿಂತು ಹೀಗೆ ಹೇಳಿ ಇಪ್ಪತ್ತೊಂದು ವರ್ಷವಾಗಿತ್ತು. ಅದರ ಹಿಂದಿನ ದಿನ ಯಾರೋ ಗಾಜು ಅಂಟಿಸಿ ಮಾಡಿಕೊಟ್ಟ ಮೀನಿನ ತೊಟ್ಟಿ ಮದುವೆ ಮಂಟಪದಲ್ಲಿ ಬಿರಿದು, ಗಂಡಿನ ಕಡೆಯವರ ರೇಷ್ಮೆಯೆಲ್ಲ ತೊಯ್ದು ರಂಪವಾಗಿತ್ತು. ಮಾಡಿದವನು "ಗಾಜೇ ಸರಿ ಇರ್ಲಿಲ್ಲ" ಎಂದು ಜಾರಿಕೊಂಡಿದ್ದ. ತಪ್ಪು ಮಾಡಿದ ಕೈಯನ್ನು ಬಿಟ್ಟು ಬಾಯಿಲ್ಲದ ಗಾಜನ್ನು ಬೈದದ್ದನ್ನು ತಾಂಡವರಾಯನ್‌ಗೆ ತಡೆಯಲಾಗಲಿಲ್ಲ. ಟೀ ಲೋಟ ಕೆಳಗಿಟ್ಟು ಆ ಮಾತು ಆಡಿಬಿಟ್ಟರು.

ಆಡಿದವರಿಗಿಂತ ಮಾತು ಹೆಚ್ಚು ದೂರ ನಡೆಯಿತು. ಕೊಳತ್ತೂರಿನಲ್ಲಿ ಮಹಡಿಗೊಂದು ಸಿಮೆಂಟಿನ ಮೀನುಕೊಳ, ಬೀದಿಗೆ ನಾಲ್ಕು ಜನ ತೊಟ್ಟಿ ಅಂಟಿಸುವವರು. ಆದರೂ ಹೊರಗಿನಿಂದ ಬಂದ ಗಿರಾಕಿಗಳು, "ಸೋರಿದ್ರೆ ಕೆಲಸ ಬಿಡ್ತೀನಿ ಅಂದೋರ ಮನೆ ಯಾವ್ದು?" ಎಂದೇ ಕೇಳಿಕೊಂಡು ಬರುತ್ತಿದ್ದರು. ಎಪ್ಪತ್ತು ದಾಟಿದ ಮೇಲೂ ತಾಂಡವರಾಯನ್ ಬೆಳಗ್ಗೆ ಎದ್ದು ಮುಖ ತೊಳೆಯುವ ಮುಂಚೆ ಗೋಡೆಯ ಮೊಳೆಗೆ ನೇತುಹಾಕಿದ, ಗಾಜಿಗೆ ಅಂಟು ಎಳೆಯುವ ಸಿಲಿಕೋನ್ ಗನ್ನನ್ನು ಒಮ್ಮೆ ಮುಟ್ಟಿ ನೋಡುತ್ತಿದ್ದರು. ಅದು ಅವರ ದೇವರ ಪಟ.

ಮುಂದಿನ ಕೋಣೆಯ ನಾಲ್ಕಡಿ ಉದ್ದದ ತೊಟ್ಟಿಯನ್ನು ಅವರು ಅಂಟಿಸಿದ್ದು ಸೊಸೆ ಅಂಜಲೈಗೆ. ಅವಳು ಮದುವೆಯಾಗಿ ಬಂದ ವರ್ಷ, ಮೀನು ಸಾಕುವ ಆಸೆ ಇದೆ ಎಂದಳೆಂದು ನಾಲ್ಕು ದಿನ ಕೂತು ಮಾಡಿದ್ದು. ಈಗ ಅವಳ ಏಂಜೆಲ್ ಮೀನಿನ ಮರಿಗಳು ಮಹಡಿಯ ಕೊಳಗಳಲ್ಲಿ ಸಾವಿರದ ಲೆಕ್ಕದಲ್ಲಿ ಆಡುತ್ತಿದ್ದವು. ಅವುಗಳ ತಾಯಿ ತಂದೆಗಳು ಮಾತ್ರ ಆ ತೊಟ್ಟಿಯಲ್ಲಿ.

ಈ ಸಲ, ಪೊಂಗಲ್‌ಗೆ ಮುಂಚೆ ಹಳೆಯದನ್ನೆಲ್ಲ ಸುಡುವ ಭೋಗಿಯ ಹಿಂದಿನ ದಿನ ಅಂಜಲೈ ಮನೆ ಸ್ವಚ್ಛ ಮಾಡಲು ನಿಂತಳು. ಹರಿದ ಚಾಪೆ, ಮುರಿದ ಮೊರ, ಕಾಲಿಲ್ಲದ ಕುರ್ಚಿ ಎಲ್ಲ ಬಾಗಿಲ ಹೊರಗೆ ರಾಶಿಯಾಯಿತು. ಕೊನೆಗೆ ಅವಳ ಕಣ್ಣು ತೊಟ್ಟಿಯ ಅಡಿಯ ಥರ್ಮೋಕೋಲ್ ಹಾಳೆಯ ಮೇಲೆ ಬಿತ್ತು. ಹಳದಿಯಾಗಿ, ಇರುವೆ ತಿಂದು, ಮುಟ್ಟಿದರೆ ಉದುರುತ್ತಿತ್ತು. ಕಬ್ಬಿಣದ ಸ್ಟ್ಯಾಂಡು ಎಷ್ಟೇ ಸಮವಾಗಿದ್ದರೂ ಬೆಸುಗೆಯ ಗಂಟು ಎಲ್ಲಾದರೂ ಒಂದು ಇದ್ದೇ ಇರುತ್ತದೆ. ಗಾಜು ನೇರ ಅದರ ಮೇಲೆ ಕೂರಬಾರದೆಂದು ನಡುವೆ ಆ ಹಾಳೆ. ಅದು ಅಂಜಲೈಗೆ ಗೊತ್ತಿಲ್ಲದ್ದೇನಲ್ಲ. ಮೀನುಗಳನ್ನು ಟಬ್ಬಿಗೆ ಬಿಟ್ಟು, ನೀರನ್ನು ಎರಡು ಬೆರಳಿಗೆ ಇಳಿಸಿ, ಗಂಡನ ಹಳೆಯ ಕ್ರಿಕೆಟ್ ಬ್ಯಾಟನ್ನು ಸಂದಿಗೆ ತೂರಿ ಮೀಟಿ, ಒಂದೊಂದೇ ಕಡೆ ಎತ್ತಿ ಹಾಳೆಯನ್ನು ಚೂರು ಚೂರಾಗಿ ಎಳೆದು ತೆಗೆದಳು. ಹೊಸ ಹಾಳೆ ತಂದು ಬಾಗಿಲ ಹಿಂದೆ ನಿಲ್ಲಿಸಿಯೂ ಇದ್ದಳು.

ಅಷ್ಟರಲ್ಲಿ ಬೀದಿಯಲ್ಲಿ ನೀರಿನ ಲಾರಿಯ ಹಾರ್ನು. ಹಬ್ಬದ ಮುಂದಿನ ಲಾರಿ, ಬಿಟ್ಟರೆ ಮತ್ತೆ ಮೂರು ದಿನ ಇಲ್ಲ. ಇದ್ದಬದ್ದ ಕೊಡವನ್ನೆಲ್ಲ ಎತ್ತಿಕೊಂಡು ಓಡಿದಳು. ಸಾಲಿನಲ್ಲಿ ಜಗಳ, ಯಾರದೋ ಕೊಡ ಯಾರದೋ ಕಾಲ ಮೇಲೆ, ಮತ್ತೆ ಜಗಳ. ತಿರುಗಿ ಬರುವಾಗ ಮಸುಕಾಗಿತ್ತು. ಟಬ್ಬಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅಯ್ಯೋ ಎಂದು ಅವಸರವಾಗಿ ತೊಟ್ಟಿಗೆ ನೀರು ತುಂಬಿ ಮೀನು ಬಿಟ್ಟಳು. ಹಾಳೆ ಬಾಗಿಲ ಹಿಂದೆಯೇ ಉಳಿಯಿತು.

ಭೋಗಿಯ ದಿನ ನಸುಕಿನಲ್ಲಿ ಬೀದಿಯ ಮಕ್ಕಳು ಪುಟ್ಟ ತಮಟೆ ಬಡಿದರು. ಹಳೆಯದೆಲ್ಲ ಉರಿಯಿತು. ಮಧ್ಯಾಹ್ನ ಅಂಜಲೈ ಅಕ್ಕಿ ಆರಿಸುತ್ತ ಕೂತಿದ್ದಾಗ ಮುಂದಿನ ಕೋಣೆಯಿಂದ 'ಟಕ್' ಎಂಬ ಸದ್ದು ಬಂತು. ಚಿಕ್ಕ ಸದ್ದು. ಆದರೆ ಅವಳ ಕೈಯ ಮೊರ ತಾನೇ ನಿಂತಿತು. ಹೋಗಿ ನೋಡಿದರೆ ಸ್ಟ್ಯಾಂಡಿನ ಹಿಂದಿನ ಎಡಗಾಲಿನ ಗುಂಟ ನೀರು ಹನಿಹನಿಯಾಗಿ ಇಳಿಯುತ್ತಿತ್ತು.

ಅವಳ ಕಣ್ಣು ಬಾಗಿಲ ಹಿಂದಕ್ಕೆ ಹೋಯಿತು. ಬೆಳ್ಳಗೆ, ಹೊಸದಾಗಿ, ಒಂದು ಗೀರೂ ಇಲ್ಲದೆ ನಿಂತಿತ್ತು ಹಾಳೆ.

ಗಂಡ ಗುಣಶೇಖರನ್ ಆಗ ತಾನೆ ಶೇರ್ ಆಟೋ ನಿಲ್ಲಿಸಿ ಊಟಕ್ಕೆ ಬಂದಿದ್ದ. ನೋಡಿ ಗಾಬರಿಯಾಗಿ ಅಪ್ಪನನ್ನು ಕೂಗಿಯೇಬಿಟ್ಟ: "ನೈನಾ! ಬನ್ನಿ ಇಲ್ಲಿ! ತೊಟ್ಟಿ ಸೋರ್ತಾ ಇದೆ!"

ತಾಂಡವರಾಯನ್ ಗೋಡೆ ಹಿಡಿದುಕೊಂಡು ಬಂದರು. ಅವಸರ ಮಾಡಲಿಲ್ಲ. ತೊಟ್ಟಿಯ ಮೇಲಂಚಿನ ಮೇಲೆ ಅಂಗೈ ಇಟ್ಟು ಒಂದು ಕ್ಷಣ ಸುಮ್ಮನೆ ನಿಂತರು. ಆಮೇಲೆ ಬಗ್ಗಿ, ಸ್ಟ್ಯಾಂಡಿನ ಕಾಲಿಗೆ ಬೆರಳು ತಾಗಿಸಿ, ಒದ್ದೆ ಬೆರಳನ್ನು ಹೆಬ್ಬೆರಳಿಗೆ ಉಜ್ಜಿದರು.

"ಹೂಂ. ಸೋರಿದೆ," ಎಂದರು. ಅಷ್ಟೇ.

ಹೋಗಿ ಮೊಳೆಯಿಂದ ಸಿಲಿಕೋನ್ ಗನ್ನು ಇಳಿಸಿ, ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಅಟ್ಟದ ಮೇಲೆ ತಳ್ಳಿದರು.

"ಏನು ನೈನಾ ಇದು, ಯಾವ ಕಾಲದ ಮಾತು! ಇಪ್ಪತ್ತು ವರ್ಷ ಆದ್ಮೇಲೆ ಅಂಟು ಒಣಗದೆ ಇರತ್ತಾ?" ಎಂದ ಗುಣ.

"ಇಪ್ಪತ್ತು ವರ್ಷ ಆದ್ಮೇಲೆ ಸೋರಿದ್ರೆ ಪರವಾಗಿಲ್ಲ ಅಂತ ನಾನು ಅವತ್ತು ಹೇಳಿದ್ನಾ?"

ಗುಣ ಕೈ ತೊಳೆದು ಅನ್ನಕ್ಕೆ ಕೂತ.

ಮೀನುಗಳನ್ನು ಮಹಡಿಗೆ ಸಾಗಿಸಿ, ನೀರು ಹೊರಹಾಕಿ, ಜಲ್ಲಿಕಲ್ಲನ್ನು ಮೊಗೆಯುವಾಗ ಅಂಜಲೈಗೆ ಅದು ಕಾಣಿಸಿತು. ತಳದ ಗಾಜಿನಲ್ಲಿ ಹಿಂದಿನ ಮೂಲೆಯಿಂದ ನಡುವಿನವರೆಗೆ ಒಂದು ಗೆರೆ, ತಲೆಯಿಂದ ಉದುರಿದ ಕೂದಲಿನಷ್ಟು ಸಣ್ಣದು. ಕೆಳಗೆ ಸರಿಯಾಗಿ ಬೆಸುಗೆಯ ಗಂಟು. ಮಾವ ಎಳೆದ ಅಂಟಿನ ಗೆರೆಗಳು ನಾಲ್ಕು ಮೂಲೆಯಲ್ಲೂ ಎಳೆದ ದಿನ ಹೇಗಿದ್ದವೋ ಹಾಗೇ ಇದ್ದವು. ಸೋರಿದ್ದು ಅವರ ಕೆಲಸವಲ್ಲ. ಸೀಳಿದ್ದು ತನ್ನ ಮರೆವು.

ಅವಳು ಒಂದು ಹಿಡಿ ಜಲ್ಲಿಯನ್ನು ಮತ್ತೆ ಆ ಗೆರೆಯ ಮೇಲೆ ಸುರಿದಳು.

"ಹಳೇದು ಹೋಗೋ ದಿನವೇ ಹೋಯ್ತು ನೋಡು," ಎಂದ ಗುಣ ಕೈ ಒರೆಸಿಕೊಳ್ಳುತ್ತ. "ಇನ್ನು ಇದಕ್ಕೆ ತೇಪೆ ಹಾಕೋ ಕೆಲಸ ಬೇಡ. ಹಬ್ಬ ಆಗ್ಲಿ, ಬೀದಿ ಕೊನೆಯ ಕೋಟಿ ಅಂಗಡೀಲಿ ಹೊಸದು ತರೋಣ."

"ಹಬ್ಬ ಯಾಕೆ ಆಗ್ಬೇಕು? ಈಗ್ಲೇ ಒಡೆದು ಗೋಣೀಲಿ ತುಂಬಿ ಹೊರಗೆ ಹಾಕ್ಬಿಡಿ. ಹೊತ್ತು ಮುಳುಗೋದ್ರೊಳಗೆ."

ಗುಣ ಅವಳ ಮುಖ ನೋಡಿದ. "ಹಿಡಿ ಮುರಿದ ಮಗ್ಗನ್ನ ಆರು ವರ್ಷದಿಂದ ಎತ್ತಿಟ್ಟಿರೋಳು ನೀನು. ಏನಾಯ್ತೇ ನಿಂಗೆ?"

"ಭೋಗಿ ಅಲ್ವಾ..."

"ಒಡೆಯೋದು ಬೇಡ," ಎಂದು ಹೊರಗಿನ ಮೆಟ್ಟಿಲಿನಿಂದ ತಾಂಡವರಾಯನ್ ಕೂಗಿದರು. "ಯಾರೂ ಮುಟ್ಟಬೇಡಿ ಅದನ್ನ. ಇರೋ ಜಾಗದಲ್ಲೇ ಇರಲಿ."

ಹೊತ್ತು ಮುಳುಗಿತು. ಪೊಂಗಲ್ ಶುರುವಾದ ಮೇಲೆ ಮೂರು ದಿನ ಮನೆಯಿಂದ ಏನನ್ನೂ ಹೊರಗೆ ಎಸೆಯಬಾರದು ಎಂಬುದು ಅಂಜಲೈಯ ಅತ್ತೆ ಬದುಕಿದ್ದಾಗಿನಿಂದ ಆ ಮನೆಯ ಕಟ್ಟಳೆ. ಕಸವನ್ನೂ ಗುಡಿಸಿ ಮೂಲೆಗೆ ಸೇರಿಸುವುದೇ ಹೊರತು ಹೊಸ್ತಿಲು ದಾಟಿಸುವುದಿಲ್ಲ. ಬಿರುಕು ಬಿಟ್ಟ ತೊಟ್ಟಿ ಮುಂದಿನ ಕೋಣೆಯಲ್ಲಿ ಮೂರು ದಿನದ ನೆಂಟನ ಹಾಗೆ ಕೂತುಬಿಟ್ಟಿತು.

ಆ ಮೂರು ದಿನ ಅಂಜಲೈಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಪೊಂಗಲ್ ದಿನ ಹಾಲು ಉಕ್ಕಿದಾಗ ಬೀದಿಯೆಲ್ಲ "ಪೊಂಗಲೋ ಪೊಂಗಲ್" ಎಂದು ಕೂಗಿದರೆ ಅವಳು ತಲೆ ತಗ್ಗಿಸಿ ಒಲೆಯ ಉರಿ ಸರಿಮಾಡುತ್ತಿದ್ದಳು. ಮನೆಗೆ ಬಂದ ಯಾರಾದರೂ ತೊಟ್ಟಿಯ ಕಡೆ ತಿರುಗಿದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನಡುವೆ ಹೋಗಿ ನಿಂತು "ಕಾಫಿ ಕುಡೀರಿ" ಎನ್ನುತ್ತಿದ್ದಳು. ಹೇಳಿಬಿಡಬೇಕೆಂದು ಮೂರು ಸಲ ಮಾವನ ಬಳಿ ಹೋದಳು. ಮೊದಲ ಸಲ ಅವರು ರೇಡಿಯೋ ಕೇಳುತ್ತಿದ್ದರು. ಎರಡನೆಯ ಸಲ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿದ್ದರು. ಮೂರನೆಯ ಸಲ ಅವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು. ಅರ್ಧ ಲೋಟಕ್ಕೆ, ಅರ್ಧ ಪಂಚೆಗೆ. ಒದ್ದೆಯಾದದ್ದನ್ನು ಒರೆಸಿಕೊಳ್ಳಲೂ ಇಲ್ಲ. ದುಃಖದಲ್ಲಿ ಮನುಷ್ಯನಿಗೆ ಕೈ ಮೇಲೂ ಗಮನ ಇರುವುದಿಲ್ಲ ಎಂದುಕೊಂಡು ಅವಳು ಸೆರಗು ಬಾಯಿಗೆ ಒತ್ತಿ ಒಳಗೆ ಹೋದಳು.

ಹೇಳಿದರೆ ಏನಾದೀತು? ಬೈದಾರು. ಬೈದರೆ ಬೈಸಿಕೊಳ್ಳಬಹುದು. ಆದರೆ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬೈಯದ ಮನುಷ್ಯ. ಹೇಳದಿದ್ದರೆ? ಬೆಳಗ್ಗೆ ಎದ್ದು ಅವರ ಕೈ ಖಾಲಿ ಮೊಳೆಯ ಕಡೆ ಹೋಗಿ ಹಾಗೇ ಕೆಳಗಿಳಿಯುವುದನ್ನು ದಿನಾ ನೋಡಬೇಕು. ಇದೊಂದು ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಇದರ ಜೊತೆಗೆ ಇನ್ನೊಂದು ಸಂಶಯ ಅವಳನ್ನು ಕೊರೆಯುತ್ತಿತ್ತು. ಗಾಜಿನ ಮುಂದೆ ಐವತ್ತು ವರ್ಷ ಕಳೆದವರು ಜಲ್ಲಿ ಸರಿಸಿ ತಳವನ್ನು ಒಂದು ಸಲವೂ ಏಕೆ ನೋಡಲಿಲ್ಲ?

ಮೂರನೆಯ ದಿನ ಕಾಣುಂ ಪೊಂಗಲ್. ಊರೆಲ್ಲ ಬುತ್ತಿ ಕಟ್ಟಿಕೊಂಡು ಸಮುದ್ರದ ಕಡೆ ಹೊರಟಿತ್ತು, ಇಲ್ಲವೇ ನೆಂಟರ ಮನೆಗೆ. ಹತ್ತು ಗಂಟೆಗೆ ಕೋಟೀಶ್ವರನ್ ಬಂದ. ಬೀದಿಯ ಕೊನೆಯಲ್ಲಿ ಸಿದ್ಧ ತೊಟ್ಟಿಗಳ ದೊಡ್ಡ ಅಂಗಡಿ ಅವನದು. ಒಂದು ಕಾಲಕ್ಕೆ ತಾಂಡವರಾಯನ್ ಕೈಕೆಳಗೆ ಗಾಜು ಒರೆಸಿ ಕೆಲಸ ಕಲಿತವನು. ಹೊಸ ಪಂಚೆ, ಕೈಯಲ್ಲಿ ಎರಡು ಕಬ್ಬಿನ ಜಲ್ಲೆ.

"ದೊಡ್ಡೋರೇ, ಆಶೀರ್ವಾದ ಮಾಡಿ," ಎಂದು ಕಾಲು ಮುಟ್ಟಿದ. ಏಳುವಾಗಲೇ ಅವನ ಕಣ್ಣು ತೊಟ್ಟಿಯ ಮೇಲಿತ್ತು. "ಟೀ ಅಂಗಡೀಲಿ ಏನೇನೋ ಮಾತಾಡ್ತಾ ಇದ್ರು. ನಾನು ನಂಬ್ಲಿಲ್ಲ. ನಮ್ಮ ದೊಡ್ಡೋರ ತೊಟ್ಟಿ ಸೋರೋದಾ? ಸಮುದ್ರ ಬೇಕಾದ್ರೆ ಸೋರ್ಲಿ ಅಂದೆ."

"ಸೋರಿದೆ. ನಂಬು," ಎಂದರು ತಾಂಡವರಾಯನ್.

"ಹಾಗಾದ್ರೆ ಆ ನಾಯಿ..." ಎಂದು ಕೋಟಿ ನಕ್ಕ.

"ನಾಯಿಗೆ ಹೆಸರಿಡೋದು ನಾನು ಗಾಜು ಮುಟ್ಟಿದ್ರೆ. ಮುಟ್ಟಿಲ್ಲವಲ್ಲ. ನಿನ್ನ ಹೆಸರೇ ಇಟ್ಕೊಂಡಿರ್ಲಿ ಅದು."

ಗುಣನಿಗೆ ನಗು ತಡೆಯಲಿಲ್ಲ. ಕೋಟಿಯ ಮುಖ ಒಂದು ಕ್ಷಣ ಹುಳ್ಳಗಾಯಿತು. ಆದರೆ ಉರಿಯುವ ಮನೆಯಲ್ಲಿ ಗಳ ಹಿರಿಯಲು ಬಂದವನು ಅಷ್ಟಕ್ಕೆ ಹೋಗುತ್ತಾನೆಯೇ? "ಬೇಜಾರ್ ಮಾಡ್ಕೋಬೇಡಿ. ನಾಳೆ ಬೆಳಗ್ಗೆ ನಮ್ಮ ಹುಡುಗರು ಹೊಸದು ತಂದು ಕೂರಿಸ್ತಾರೆ. ನೀವು ಕಲಿಸಿದ ವಿದ್ಯೆಗೆ ನನ್ನ ಕಾಣಿಕೆ. ಈ ಹಳೇದನ್ನ ನಾನೇ ಹೊತ್ಕೊಂಡು ಹೋಗ್ತೀನಿ. ಅತ್ತಿಗೆ, ಸ್ವಲ್ಪ ಆ ಕಡೆ ಹಿಡೀರಿ. ಮಗುಚಿ ನೋಡೋಣ, ಎಲ್ಲಿ ಬಿಟ್ಕೊಂಡಿದೆ ಅಂತ."

ಅಂಜಲೈ ನಿಂತಲ್ಲೇ ಲೆಕ್ಕ ಹಾಕಿದಳು. ಮಗುಚಿದರೆ ಮುಗಿಯಿತು. ಗೆರೆ ನೋಡಿದ ಕೂಡಲೇ ಕೋಟಿಗೆ ತಿಳಿದುಬಿಡುತ್ತದೆ: ಅಂಟು ಬಿಟ್ಟಿಲ್ಲ, ಗಾಜು ಸೀಳಿದೆ, ಅಡಿಗೆ ಹಾಳೆ ಇಲ್ಲ. ಮನೆ ಹೆಂಗಸಿನ ಕೆಲಸ. ಮತ್ತೆ ತಟ್ಟನೆ ಹೊಳೆಯಿತು: ತಿಳಿಯಲಿ! ತಿಳಿದರೆ ಮಾವನ ಹೆಸರು ಉಳಿಯುತ್ತದಲ್ಲ. ತಾನಾಗಿ ಬಾಯಿ ಬಿಡುವುದು ತಪ್ಪಿತಲ್ಲ. ಅವಳು ಎರಡು ಹೆಜ್ಜೆ ಮುಂದಿಟ್ಟು ತೊಟ್ಟಿಯ ಅಂಚಿಗೆ ಕೈ ಹಾಕಿದಳು.

"ಬಿಡು ಅಂಜಲೈ!"

ತಾಂಡವರಾಯನ್ ಎದ್ದು ನಿಂತಿದ್ದರು. ಆ ದನಿಯನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ಕೋಟಿ, ಕೈ ತೆಗಿ. ಹೊಸದು ಬೇಡ. ಇದನ್ನೇ ರಿಪೇರಿ ಮಾಡ್ತೀವಿ."

"ಯಾರು ಮಾಡ್ತಾರೆ? ನೀವು ಮುಟ್ಟೋ ಹಾಗಿಲ್ಲ. ಗುಣ ಅಣ್ಣನಿಗೆ ಸೈಕಲ್ ಟ್ಯೂಬಿಗೆ ಪಂಚರ್ ಹಾಕೋಕೂ ಬರಲ್ಲ."

"ನಮ್ಮ ಮನೆ ತೊಟ್ಟಿ. ನೀನು ಕಬ್ಬು ತಿನ್ನು."

ಕೋಟಿ ಹೋದ ಮೇಲೆ ಗುಣ ರೇಗಿದ. ಪುಕ್ಕಟೆ ಬರುವ ಹೊಸ ತೊಟ್ಟಿಯನ್ನು ಒದೆಯುವವರು ಉಂಟೇ? ತಳ ಸೋರುವ ತೊಟ್ಟಿಯನ್ನು ನಂಬಿ ಕೋಣೆಯಲ್ಲಿ ಮಲಗುವವರು ಯಾರು? ನಡುರಾತ್ರಿ ಬಿರಿದರೆ? "ನೈನಾಗೆ ಹಟ, ನಿನಗೆ ಹುಚ್ಚು," ಎಂದು ಬೈದು ಆಟೋ ಹತ್ತಿಕೊಂಡು ಹೋದ. ಕಾಣುಂ ಪೊಂಗಲ್ ದಿನ ಸಮುದ್ರದ ಕಡೆಗೆ ಸವಾರಿಗೇನೂ ಬರವಿಲ್ಲ.

ಅಂಜಲೈ ಮಹಡಿಗೆ ಹೋದಳು. ಮೀನುಗಳಿಗೆ ಕಾಳು ಹಾಕುವ ಹೊತ್ತಾಗಿರಲಿಲ್ಲ, ಆದರೂ ಹಾಕಿದಳು. ಕೊಳದಿಂದ ಕೊಳಕ್ಕೆ ಓಡಾಡಿದಳು. ಮೆಟ್ಟಿಲ ಮೇಲೆ ನಿಧಾನವಾಗಿ ಹೆಜ್ಜೆ ಸಪ್ಪಳ ಬಂತು. ಮಾವ ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡಕಿ ಹತ್ತಿ ಬಂದು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತರು.

ಇನ್ನು ಕಾಯಲಾಗಲಿಲ್ಲ ಅವಳಿಗೆ. "ಮಾವ, ನಿಮ್ಮ ಅಂಟು ಬಿಟ್ಟಿಲ್ಲ. ತಳದ ಗಾಜು ಸೀಳಿದೆ. ಥರ್ಮೋಕೋಲ್ ತೆಗೆದೋಳು ನಾನು, ಹೊಸದು ಹಾಕೋಕೆ ಮರೆತೋಳೂ ನಾನೇ. ಲಾರಿ ಬಂತು, ಓಡಿದೆ. ಬಿರುಕು ನೋಡಿ ಮೇಲೆ ಜಲ್ಲಿ ಸುರಿದು ಮುಚ್ಚಿದೆ. ಬೈಯಿರಿ, ಹೊಡೀರಿ. ಆದ್ರೆ ಆ ಗನ್ನನ್ನ ಕೆಳಗಿಳಿಸಿ. ಈಗ್ಲೇ ಹೋಗಿ ಟೀ ಅಂಗಡಿ ಮುಂದೆ ನಿಂತು ನಾನೇ ಹೇಳಿ ಬರ್ತೀನಿ."

"ಗೊತ್ತು," ಎಂದರು ತಾಂಡವರಾಯನ್.

"ಏನು ಗೊತ್ತು?"

"ಅವತ್ತೇ ಗೊತ್ತಾಯ್ತು. ತೊಟ್ಟಿ ಮೇಲೆ ಕೈ ಇಟ್ಟೆ ನೋಡು. ಇಪ್ಪತ್ತು ವರ್ಷ ನನ್ನ ಅಂಗೈ ಎಷ್ಟು ಎತ್ತರದಲ್ಲಿ ಕೂರ್ತಿತ್ತೋ ಅದಕ್ಕಿಂತ ಮುಕ್ಕಾಲು ಇಂಚು ಕೆಳಗೆ ಕೂತಿತು. ಮುಕ್ಕಾಲು ಇಂಚು ಅಂದ್ರೆ ಥರ್ಮೋಕೋಲ್."

ಅಂಜಲೈ ಕೂತುಬಿಟ್ಟಳು. "ಗೊತ್ತಿದ್ದೂ ಸೋರಿದೆ ಅಂದ್ರಾ? ನನ್ನ ತಪ್ಪು ಮುಚ್ಚೋಕಾ? ಬೇಡ ಮಾವ. ನಿಮ್ಮ ಹೆಸರು ಅಡ ಇಟ್ಟು ನನ್ನ ಬಿಡಿಸ್ಕೋಬೇಡಿ. ನನಗೆ ಅನ್ನ ಸೇರಲ್ಲ."

"ಅಷ್ಟು ದೊಡ್ಡ ಮನುಷ್ಯ ಅಲ್ಲಮ್ಮ ನಾನು." ಅವರು ಅವಳ ಕಡೆಗೆ ತಿರುಗಿದರು. ನೇರ ಅಲ್ಲ, ಸ್ವಲ್ಪ ಪಕ್ಕಕ್ಕೆ, ಅವಳ ಭುಜದ ಆಚೆ ಯಾರನ್ನೋ ನೋಡುವವರ ಹಾಗೆ. "ಈಗ ನಿನ್ನ ನೋಡ್ತಾ ಇದೀನಲ್ಲ. ಕಿವಿ ಕಾಣತ್ತೆ, ಓಲೆ ಕಾಣತ್ತೆ. ಮೂಗು, ಬಾಯಿ ಇಲ್ಲ. ನಡುವೆ ಇದ್ದದ್ದೆಲ್ಲ ಅಳಿಸಿದ ಹಾಗೆ. ಪೊರೆ ಅಲ್ಲ ಇದು, ತೆಗೆಯೋಕೆ ಬರಲ್ಲ ಅಂದ್ರು ಡಾಕ್ಟರು. ಎರಡು ವರ್ಷ ಆಯ್ತು."

"ಯಾರಿಗೂ ಹೇಳ್ಲಿಲ್ಲ."

"ಅಂಟಿಸೋದು ಬೆರಳಿನ ಕೆಲಸ ಅಂದ್ಕೊಂಡೆ. ಅರ್ಧ ನಿಜ. ಗೆರೆ ನೆಟ್ಟಗಿದೆಯಾ, ಬೆರಳು ಹೇಳತ್ತೆ. ಒಳಗೆ ಗಾಳಿ ಗುಳ್ಳೆ ಇದೆಯಾ, ಅದನ್ನ ಕಣ್ಣೇ ಹೇಳ್ಬೇಕು. ಆರು ತಿಂಗಳ ಹಿಂದೆ, ಆಡಿ ತಿಂಗಳಲ್ಲಿ, ಒಂದು ತೊಟ್ಟಿ ಮುಗಿಸಿ ನೀರು ತುಂಬಿ ಇಟ್ಟಿದ್ದೆ. ಬೆಳಗ್ಗೆ ಎದ್ದು ಕಾಲಿಟ್ರೆ ನೆಲ ಒದ್ದೆ." ಪಕ್ಕದ ಮಹಡಿಯಲ್ಲಿ ಯಾರೋ ಗಾಳಿಪಟ ಬಿಡುತ್ತ ಕೂಗಾಡುತ್ತಿದ್ದರು. "ಗಿರಾಕಿ ಮನೆಗೆ ಹೋಗಿರ್ಲಿಲ್ಲ, ಆದ್ರಿಂದ ಅದು ಸೋರಿದ್ದಲ್ಲ ಅಂತ ನನಗೆ ನಾನೇ ಪಂಚಾಯ್ತಿ ಮಾಡ್ಕೊಂಡೆ. ಬಿಚ್ಚಿ ಮತ್ತೆ ಅಂಟಿಸ್ದೆ. ಕೊಟ್ಟ ಮಾತಿನ ಪ್ರಕಾರ ಅವತ್ತೇ ಬಿಡ್ಬೇಕಿತ್ತು. ಬಿಡ್ಲಿಲ್ಲ. ಬಿಟ್ರೆ ಬೆಳಗ್ಗೆ ಎದ್ದು ಏನು ಮಾಡ್ಲಿ ಅಂತ ಹೆದರಿಕೆ. ಅವತ್ತಿಂದ ಬೀದೀಲಿ ಯಾರಾದ್ರೂ 'ತಾತಾ' ಅಂತ ಓಡಿ ಬಂದ್ರೆ ಸಾಕು, ತೊಟ್ಟಿ ಬಿರೀತೇನೋ, ಯಾವ ಮಗುವಿನ ಕಾಲ ಮೇಲೆ ಬಿತ್ತೋ ಅಂತ ಜೀವ ಹೋಗತ್ತೆ. ಭೋಗಿ ದಿನ ಗುಣ ಕೂಗಿದಾಗ್ಲೂ ಹಾಗೇ ಆಯ್ತು. ನಮ್ಮದೇ ತೊಟ್ಟಿ, ಯಾರಿಗೂ ಏಟಿಲ್ಲ ಅಂತ ತಿಳಿದ್ಮೇಲೆ... ಅಂಜಲೈ, ನಾನು ಉಸಿರು ಬಿಟ್ಟೆ. ಕೆಲಸ ಬಿಡೋಕೆ ಒಂದು ಬಾಗಿಲು ಸಿಕ್ತು. ನೀನು ಈಗ ಹೋಗಿ ಆ ಬಾಗಿಲು ಮುಚ್ಚಬೇಡ."

ಅಂಜಲೈ ಮೂರು ದಿನದಿಂದ ಈ ಮನುಷ್ಯನಿಗಾಗಿ ಮರುಗಿದ್ದಳು; ಈಗ ಸಿಟ್ಟು ಬಂತು.

"ಕಣ್ಣು ಹೋಗಿದೆ ಅಂತ ಹೇಳಿ ಬಿಡಬಹುದಲ್ಲ!"

"ಹೇಳಿದ್ರೆ ಎಲ್ಲರೂ ತೊಟ್ಟಿ ತಲೆ ಮೇಲೆ ಹೊತ್ಕೊಂಡು ಬರ್ತಾರೆ. ಕುರುಡನ ಹತ್ರ ಮಾಡಿಸ್ಕೊಂಡ್ವಾ ಅಂತಾರೆ. ಸೋರಿತು, ಮಾತಿನಂತೆ ಬಿಟ್ಟ ಅನ್ನಿಸ್ಕೊಳ್ಳೋದು ಮೇಲು."

"ನಿಮಗೆ ಮೇಲು. ಅವರಿಗೆ? ಆಡಿಯಿಂದ ಈಚೆ ನೀವು ಕೊಟ್ಟ ತೊಟ್ಟಿಗಳು ಎಲ್ಲೆಲ್ಲಿವೆ?"

ತಾಂಡವರಾಯನ್ ಗಾಳಿಪಟದ ಗದ್ದಲದ ಕಡೆಗೆ ಮುಖ ತಿರುಗಿಸಿದರು.

"ಹೇಳಿ ಮಾವ. ಹೇಳದಿದ್ರೆ ನಾನು ಟೀ ಅಂಗಡಿಗೆ ಹೊರಟೆ. ಥರ್ಮೋಕೋಲ್ ವಿಷಯವೂ ಹೇಳ್ತೀನಿ, ಕಣ್ಣಿನ ವಿಷಯವೂ ಹೇಳ್ತೀನಿ."

"ಒಂಬತ್ತು," ಎಂದರು ಕೊನೆಗೆ. ಬೆರಳು ಮಡಿಸದೆ, ತಡವರಿಸದೆ ಒಂದೊಂದೇ ಮನೆ ಹೇಳಿದರು. ಐದನೆಯದು ಪುಟ್ಟ ಮಕ್ಕಳ ಶಾಲೆ. ಅದನ್ನು ಹೇಳುವಾಗ ಮಾತ್ರ ದನಿ ಇಳಿಯಿತು.

"ಪೊಂಗಲ್ ಸಿಹಿ ಕೊಡೋಕೆ ಬಂದೆ ಅಂತ ಒಂಬತ್ತು ಕಡೆಗೂ ಹೋಗ್ತೀನಿ. ಒಂದೊಂದು ಮೂಲೆಯನ್ನೂ ನೋಡಿ ಬರ್ತೀನಿ. ಗುಳ್ಳೆ ಕಂಡ್ರೆ ತೊಟ್ಟಿ ಇಲ್ಲಿಗೆ ಬರತ್ತೆ. ಒಪ್ಪಿಗೆನಾ?"

"ಬಂದ್ರೆ ಅಂಟಿಸೋರು ಯಾರು?"

"ಮೊದಲು ಕೆಳಗಿರೋದನ್ನ ಅಂಟಿಸಿ ಕಲಿತೀನಿ. ನೀವು ಬಾಯಲ್ಲಿ ಹೇಳಿ."

ಹೊಸದು ಕೊಳ್ಳುವ ಮಾತು ಅಲ್ಲಿಗೆ ಮುಗಿಯಿತು. ಹೊಸದು ಬಂದರೆ ಹಳೆಯದು ಹೊರಗೆ ಹೋಗಬೇಕು. ಹೊರಗೆ ಹೋದರೆ ಕೋಟಿ ಅದನ್ನು ಮಗುಚಿ ನೋಡದೆ ಬಿಡುವವನಲ್ಲ.

ಎರಡು ದಿನ ತೊಟ್ಟಿ ಒಣಗಿತು. ಮೂರನೆಯ ದಿನ ಅಂಜಲೈ ಸೆರಗು ಸಿಕ್ಕಿಸಿಕೊಂಡು, ಅಟ್ಟದಿಂದ ಗನ್ನು ಇಳಿಸಿ, ತಳವನ್ನು ಸ್ಪಿರಿಟ್ ಹಾಕಿ ಒರೆಸಿ, ಬಿರುಕಿನ ಎರಡೂ ಪಕ್ಕ ನಾಲ್ಕು ಬೆರಳು ಅಗಲ ಬರುವಂತೆ ಕತ್ತರಿಸಿ ತಂದ ಗಾಜಿನ ಪಟ್ಟಿಯನ್ನು ಹಿಡಿದು ನಿಂತಳು. ತಾಂಡವರಾಯನ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತರು.

"ಹೊರಗಿನಿಂದ ಹಚ್ಚೋದು ಸುಲಭ ಅಲ್ವಾ ಮಾವ? ಬಗ್ಗೋದು ತಪ್ಪತ್ತೆ."

"ಹೊರಗೆ ಹಚ್ಚಿದ್ರೆ ನೀರು ಅದನ್ನ ತಳ್ಳತ್ತೆ. ಒಳಗೆ ಹಚ್ಚಿದ್ರೆ ನೀರೇ ಅದನ್ನ ಒತ್ತಿ ಹಿಡಿಯತ್ತೆ. ಗನ್ನು ತಗೋ. ಉಸಿರು ಬಿಗಿ ಹಿಡೀಬೇಡ, ಕೈ ನಡುಗತ್ತೆ."

ಗನ್ನಿನ ತುದಿಯಿಂದ ಸಿಲಿಕೋನ್ ಹುಳದ ಹಾಗೆ ಹೊರಬಂತು. ವಿನಿಗರ್‌ನಂಥ ಹುಳಿ ವಾಸನೆ ಕೋಣೆ ತುಂಬಿತು. ತಾಂಡವರಾಯನ್ ಮೂಗರಳಿಸಿ ಅದನ್ನು ಎಳೆದುಕೊಂಡರು. ಅಂಜಲೈ ಪಟ್ಟಿಯನ್ನು ಇಟ್ಟು ಒತ್ತತೊಡಗಿದಳು.

"ಏನ್ ಸದ್ದು ಅದು? ಉಜ್ಜುತಾ ಇದೀಯಾ? ಚಪಾತಿ ಅಲ್ಲ ಕಣಮ್ಮ, ಉಜ್ಜಬೇಡ. ಒತ್ತು. ನಡುವಿನಿಂದ ಹೊರಕ್ಕೆ."

"ಒಂದು ಗುಳ್ಳೆ ಇದೆ ಮಾವ. ಮೂಲೇಲಿ. ಎಷ್ಟು ಒತ್ತಿದ್ರೂ ಹೋಗ್ತಿಲ್ಲ."

"ಎಷ್ಟು ದೊಡ್ಡದು?"

"ಸಾಸಿವೆ."

ತಾಂಡವರಾಯನ್ ಕುರ್ಚಿಯಿಂದ ಅರ್ಧ ಎದ್ದರು. ಬಲಗೈ ಕಂಕುಳಿಂದ ಹೊರಬಂದು, ತೋರುಬೆರಳು ಚಾಚಿ, ಗಾಜಿನಿಂದ ಗೇಣು ದೂರದಲ್ಲಿ ನಿಂತಿತು. ಅಂಜಲೈ ತಡೆಯಲಿಲ್ಲ, ಕರೆಯಲೂ ಇಲ್ಲ. ಆ ಬೆರಳನ್ನೇ ನೋಡುತ್ತಿದ್ದಳು. ಆಮೇಲೆ ಅವರು ಕೂತು ಕೈಯನ್ನು ಮತ್ತೆ ಕಂಕುಳಿಗೆ ಸಿಕ್ಕಿಸಿಕೊಂಡರು.

"ಹೆಬ್ಬೆರಳು ಇಡು ಅದರ ಹಿಂದೆ. ಅಂಚಿನ ಕಡೆ ದೂಡು. ಅವಸರ ಮಾಡಿದ್ರೆ ಎರಡಾಗತ್ತೆ."

ಸಾಸಿವೆ ಮೆಲ್ಲಗೆ ಅಂಚಿಗೆ ಬಂದು ಒಡೆಯಿತು.

ಹೊಸ ಥರ್ಮೋಕೋಲ್ ಹಾಳೆಯ ಮೇಲೆ ತೊಟ್ಟಿ ಕೂತಿತು. ಗುಣ ಎರಡು ವಾರ ದಿನಾ ಬೆಳಗ್ಗೆ ಎದ್ದು ಅಡಿಯಲ್ಲಿ ಪೇಪರು ಹಾಸಿ ನೋಡಿದ, ಒಣಗಿಯೇ ಇತ್ತು. ಅಷ್ಟರಲ್ಲಿ ಅಂಜಲೈ ಸಿಹಿ ಡಬ್ಬಿ ಹಿಡಿದು ಒಂಬತ್ತು ಕಡೆಗೂ ಹೋಗಿ ಬಂದಿದ್ದಳು. ಎಂಟು ತೊಟ್ಟಿ ಸರಿಯಿದ್ದವು. ಮಕ್ಕಳ ಶಾಲೆಯದರ ಹಿಂದಿನ ಮೂಲೆಯಲ್ಲಿ ಗುಳ್ಳೆಗಳು ಮಣಿ ಪೋಣಿಸಿದಂತೆ ಮೇಲಿನಿಂದ ಕೆಳಗಿನವರೆಗೆ ಇದ್ದವು. ಸ್ವಚ್ಛ ಮಾಡಿಕೊಡುತ್ತೇವೆಂದು ಹೇಳಿ ಅದನ್ನು ಗಂಡನ ಆಟೋದಲ್ಲಿ ಹೇರಿಕೊಂಡು ಬಂದಳು. ಬ್ಲೇಡಿನಿಂದ ಬಿಚ್ಚಿ, ಕೆರೆದು, ಮೂರು ದಿನ ತೆಗೆದುಕೊಂಡು ಮತ್ತೆ ಅಂಟಿಸಿದಳು. ಮಾವ ಕುರ್ಚಿಯಲ್ಲಿ ಕೂತು ಅದಕ್ಕೂ ಬೈದರು.

ಕೋಟಿ ಬೀದಿಯುದ್ದಕ್ಕೂ ತಾಂಡವರಾಯನ್ ತೊಟ್ಟಿ ಸೋರಿತೆಂದು ಹೇಳಿಕೊಂಡು ತಿರುಗಿದ. ಅಂಜಲೈ ಅದನ್ನು ಟೀ ಅಂಗಡಿಯ ಮುಂದೆ, ತರಕಾರಿ ಗಾಡಿಯ ಮುಂದೆ, ನೀರಿನ ಲಾರಿಯ ಸಾಲಿನಲ್ಲಿ ಕೇಳಿದಳು. ಪ್ರತಿ ಸಲವೂ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು.

ತಾಂಡವರಾಯನ್ ಮಾತು ಉಳಿಸಿಕೊಂಡರು. ಮತ್ತೆ ಗಾಜು ಮುಟ್ಟಲಿಲ್ಲ.